ಜೋಡಿ ಗೊಂಬೆಯ ಕೂಡಾವಳಿ

ಗುಂಡ್ಲುಪೇಟೆಯ ಸೋಮಶೇಖರ ಚೀಲದಿಂದ ಎರಡು ಮರದ ಗೊಂಬೆ ತೆಗೆದು ಜಗಲಿಯ ಮೇಲೆ ನಿಲ್ಲಿಸಿದಾಗ ಪುಟ್ಟಮಲ್ಲಮ್ಮನಿಗೆ ಎದ್ದು ಬರಲೂ ಬೇಸರ. ಬೆಳಗಿನಿಂದ ಉಪ್ಪುಕಾಗದ ತಿಕ್ಕಿ ತಿಕ್ಕಿ ಬೆರಳ ತುದಿ ಉರಿಯುತ್ತಿತ್ತು. ದಸರಾ ಹತ್ತಿರವಾದರೆ ಪ್ರತಿ ವರ್ಷವೂ ಹೀಗೇ. ಸೋಮಶೇಖರನಿಗೆ ಊಟಿ ರಸ್ತೆಯಲ್ಲಿ ಹಳೇ ಸಾಮಾನಿನ ಅಂಗಡಿ. ಕಾರಿನಲ್ಲಿ ಹೋಗುವವರು ಇಳಿದು ಹಳೇ ಪಟ್ಟದ ಗೊಂಬೆ ಇದೆಯಾ ಎಂದು ಕೇಳುತ್ತಾರೆ. ಕೈ ಮುರಿದದ್ದು, ಹುಳ ತಿಂದದ್ದು, ಎಲ್ಲವೂ ಚಾಮರಾಜನಗರದ ಈ ಮನೆಗೆ ಬಂದು ಹೊಸ ಮೈ ಪಡೆದು ಹೋಗಬೇಕು.

"ರಾಜ ಕೊಳ್ಳೇಗಾಲದೋನು, ರಾಣಿ ಮೈಸೂರೋಳು ಕಣಕ್ಕ," ಅಂದ. "ಒಂಟಿ ಗೊಂಬೆಯ ಯಾರೂ ಮೂಸಾಕಿಲ್ಲ. ಬಣ್ಣ ಒಂದೇ ತರ ಮಾಡಿ ಜೋಡಿ ಮಾಡ್ಬುಡು."

"ಎರಡೂ ಒಂದೇ ಎತ್ತರವೂ ಇಲ್ವಲ್ಲೊ."

"ಲೋಕದಲ್ಲಿ ಯಾವ ಗಂಡ ಎಂಡ್ರು ಒಂದೇ ಎತ್ರ ಅವ್ರೆ? ಕೂಡಾವಳಿ ಅಂತ ಅನ್ಕೊ. ಗಂಡ ಸತ್ತೋಳಿಗೆ ಇನ್ನೊಬ್ಬ ಸಿಕ್ಕವ್ನೆ. ಸೀರೆ ಉಡ್ಸಿ ಕಳಿಸು, ಅಷ್ಟೇಯ!"

ನಗುತ್ತಲೇ ಅಂದವನು ಬಾಗಿಲ ಒಳಗೆ ಕೂತಿದ್ದ ಪವಿತ್ರಳನ್ನು ಕಂಡು ನಾಲಿಗೆ ಕಚ್ಚಿಕೊಂಡ. ಹೊಸ ಮೊಬೈಲಿನಲ್ಲಿ ಹೊತ್ತು ನೋಡಿ, ಟೀ ಬೇಡವೆಂದು ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟ.

ಮಗಳು ಪವಿತ್ರಳ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಉಮ್ಮತ್ತೂರಿನ ಮಾದಪ್ಪನ ಮನೆಯವರು ಯುಗಾದಿಯಲ್ಲಿ ಅವನಿಗೆ ಇವಳನ್ನು ಕೇಳಿ ಕಳಿಸಿದ್ದರು. ಅವನೂ ಹೆಂಡತಿ ಕಳೆದುಕೊಂಡವನು, ಸಂತೆಮರಹಳ್ಳಿಯಲ್ಲಿ ರೇಷ್ಮೆಗೂಡು ತೂಗುವ ಕೆಲಸ. "ನಿನ್ನಿಷ್ಟ ಅವ್ವ," ಅಂದಿದ್ದಳು ಪವಿತ್ರ. ಬೇಡ ಅನ್ನಲಿಲ್ಲ. ಆಷಾಢ ಕಳೆಯಲಿ, ಗೌರಿಹಬ್ಬ ಕಳೆಯಲಿ ಎಂದು ಮುಂದೂಡುತ್ತ ಬಂದವಳು ಪುಟ್ಟಮಲ್ಲಮ್ಮನೇ. ಹಿರಿಯರಿಗೆ ಎಡೆ ಇಡುವ ಮಾರ್ಲಾಮಿ ಪಕ್ಷ ಹುಟ್ಟುವ ಮೊದಲು, ಸೋಮವಾರದೊಳಗೆ, ಒಂದು ಮಾತು ಬರದಿದ್ದರೆ ಬೇರೆ ಕಡೆ ನೋಡುತ್ತೇವೆಂದು ಮೊನ್ನೆ ಅವರು ಹೇಳಿ ಕಳಿಸಿದ್ದರು. ಇವತ್ತು ಶನಿವಾರ.

ರಾಣಿಯ ಮೊಣಕೈ ಬಿರಿದಿತ್ತು. ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟು ಕಲೆಸಿ ತುಂಬಿ, ಅದು ಒಣಗಲಿ ಎಂದು ಕಾಯುವಾಗ ಬೋಳು ಹಣೆ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷದ ರೂಢಿಯ ಕೈ ತಾನಾಗಿ ಕೆಂಪು ಬಣ್ಣದಲ್ಲಿ ಕುಂಚ ಅದ್ದಿ ಬೊಟ್ಟಿಟ್ಟಿತು. ಬಣ್ಣ ದುಂಡಗೆ ನಿಲ್ಲಲಿಲ್ಲ, ಸಣ್ಣ ಗೀರುಗಳಲ್ಲಿ ಹರಿಯಿತು. ಬೆಳಕಿಗೆ ಹಿಡಿದು ನೋಡಿದಳು. ಸವೆದದ್ದಲ್ಲ. ಯಾರೋ ಚೂಪಾದ ಯಾವುದರಿಂದಲೋ ಕೆರೆದು ತೆಗೆದಿದ್ದರು. ಕೈಬಳೆಗಳನ್ನೂ ಹಾಗೆಯೇ. ಪಟ್ಟದ ಗೊಂಬೆ ಎಂದರೆ ಮದುವೆಯಲ್ಲಿ ತವರಿನವರು ಕೊಡುವುದು; ಆ ಮದುಮಗಳ ಗಂಡ ಸತ್ತಾಗ ಗೊಂಬೆಯ ಬೊಟ್ಟು ಬಳೆಯನ್ನೂ ಬಿಟ್ಟಿರಲಿಲ್ಲ.

"ಗೊಂಬೆಗೆ ಒಂದ್ ಗಳಿಗೇಲಿ ಬೊಟ್ಟಿಕ್ಬುಟ್ಟೆ," ಅಂದಳು ಪವಿತ್ರ. ಅವಳು ಇನ್ನೊಂದು ಗೊಂಬೆಗೆ ಕಣ್ಣು ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಆಸಾಡ ಕಳೀಲಿ ಅನ್ನಿಲ್ಲ."

"ಜನ ಏನಂದಾರು ಅಂತ ಕಣಮ್ಮಿ..."

"ಯಾವ ಜನ? ದೊಡ್ಡಮಲ್ಲಪ್ಪನ ಮಗಳ ಕೂಡಾವಳೀಲಿ ನೀನೇ ಓಗಿ ಎರಡು ಸಲ ಪಾಯ್ಸ ಇಕ್ಕುಸ್ಕಂಡು ಬಂದಲ್ಲ!"

ಪುಟ್ಟಮಲ್ಲಮ್ಮ ಕೆಂಪು ಹತ್ತಿದ ಕುಂಚವನ್ನು ನೀರಿನಲ್ಲಿ ಅದ್ದಿ ಒರೆಸಿದಳು. ಜನ ಏನಂದಾರು. ಪವಿತ್ರ ಏಳು ವರ್ಷದವಳಿದ್ದಾಗ, ಗಂಡ ಸತ್ತ ತನ್ನನ್ನೂ ಒಬ್ಬರು ಕೇಳಿ ಬಂದಾಗ, ಅತ್ತೆ ಇದೇ ಮಾತಿನಲ್ಲಿ ಅವರನ್ನು ಸಾಗಹಾಕಿದ್ದಳು. ಆಗ ಹಟ್ಟಿಯಲ್ಲಿ ಮೂರು ಎಮ್ಮೆ ಇದ್ದವು. ಅವುಗಳ ಸಗಣಿ ಬಾಚಿ ಹಾಲು ಕರೆಯಲು ಸೊಸೆ ಇರಬೇಕಿತ್ತು.

ಮಗಳ ಕೈ ನೋಡಿದಳು. ಕುಂಚದ ತುದಿ ರೆಪ್ಪೆಯ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆದು ಮುಗಿಸಿತು. ಎರಡು ವರ್ಷದಿಂದ ತನ್ನ ಕೈ ನಡುಗುತ್ತಿತ್ತು. ಆಗಿನಿಂದ ಈ ಮನೆಯಿಂದ ಹೋದ ಗೊಂಬೆಗಳ ಕಣ್ಣೆಲ್ಲ ಪವಿತ್ರ ಬರೆದದ್ದು, ಅದು ಸೋಮಶೇಖರನಿಗೂ ಗೊತ್ತಿಲ್ಲ. ಜನರ ಹೆಸರು ಹೇಳಿಕೊಂಡು ತಾನು ಇಷ್ಟು ದಿನ ಬಿಟ್ಟುಕೊಡದೆ ಇಟ್ಟುಕೊಂಡದ್ದು ಈ ಕೈಯನ್ನು. ರಾಣಿಯನ್ನು ಕೆಳಗಿಟ್ಟು ಕೈ ಚಾಚಿದಳು.

"ಆ ಕುಂಚ ಇತ್ಲಾಗ್ ಕೊಡು," ಅಂದಳು.

"ನಿನ್ ಕೈ ನಡುಗ್ತದೆ."

"ನಡುಗ್ಲಿ ಬುಡು. ಅಭ್ಯಾಸ ಆಗ್ಬೇಕಲ್ಲ. ನೀನೆದ್ದು ಉಮ್ಮತ್ತೂರಿಗೆ ಫೋನ್ ಮಾಡು. ನಾಳೀಕೆ ಬಂದ್ ಓಗ್ಲಿ."

ಪವಿತ್ರ ಕುಂಚ, ಗೊಂಬೆ ಎರಡನ್ನೂ ಅವ್ವನ ಕೈಗಿಟ್ಟು ಎದ್ದಳು. "ಮದ್ವೆ ಎಣ್ಣೇ ಫೋನ್ ಮಾಡದಾ? ನಗ್ತಾರೆ ಕಣವ್ವ."

"ನಂಬರ್ ಒತ್ಕೊಡು, ನಾನೇ ಮಾತಾಡ್ತೀನಿ. ಡೈರೀಲದೆ ನೋಡು."

ಪವಿತ್ರ ಒಳಗೆ ಹೋದಳು. ಪುಟ್ಟಮಲ್ಲಮ್ಮ ಉಸಿರು ಬಿಗಿಹಿಡಿದು, ಮಗಳು ಅರ್ಧಕ್ಕೆ ಬಿಟ್ಟ ಗೊಂಬೆಯ ಇನ್ನೊಂದು ಕಣ್ಣಿಗೆ ಗೆರೆ ಎಳೆದಳು. ಅದು ಹುಬ್ಬಿನವರೆಗೂ ಓಡಿತು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮತ್ತೆ ಬರೆದಳು, ಮತ್ತೆ ಒರೆಸಿದಳು. ಡೈರಿ ಜಗಲಿಯ ಗೂಡಿನಲ್ಲಿ, ಪುಟ್ಟಮಲ್ಲಮ್ಮನ ತಲೆಯ ಹತ್ತಿರವೇ ಇತ್ತು. ಅದನ್ನು ತೆಗೆದುಕೊಳ್ಳಲು ಪವಿತ್ರ ಬರಲಿಲ್ಲ. ಒಳಗಿನಿಂದ ಒಂದೊಂದೇ ನಂಬರು ಒತ್ತುವ ಸದ್ದು ಆಗಲೇ ಕೇಳಿಸುತ್ತಿತ್ತು.