ಊಟದ ಹೊತ್ತಿನ ಏಟು

ತಂಗಿಗೆ ಗಲಾಟೆ ಎಂದರೆ ಆಗದು. ಹೊಟ್ಟೆಪಾಡಿಗೆ ಹಿಡಿದ ಕೆಲಸವೂ ಅದೇ: ನೆಲದ ಕಂಪನದ ದಾಖಲೆಗಳಿಂದ ಗಲಾಟೆ ತೆಗೆಯುವುದು. ನೆಲದ ಮೇಲೆ ಸಾಲಾಗಿ ಇಪ್ಪತ್ತನಾಲ್ಕು ಜಿಯೋಫೋನ್ ನೆಡುತ್ತಾರೆ. ಆ ಕೆಲಸದವರ ಬಾಯಲ್ಲಿ ಅವು ಬರೀ ‘ಕಿವಿ’. ಸಾಲಿನ ಒಂದು ತುದಿಯಲ್ಲಿ ಕಬ್ಬಿಣದ ಹಲಗೆಗೆ ಸುತ್ತಿಗೆಯಿಂದ ಹೊಡೆದರೆ, ಒಳಗೆ ಕಲ್ಲಿದೆಯೋ ಮಣ್ಣಿದೆಯೋ ಎಂದು ಅಲೆಗಳು ಕಿವಿಗಳಿಗೆ ಬಂದು ಹೇಳುತ್ತವೆ. ನಡುವೆ ಲಾರಿ, ಪಂಪು, ರೋಲರ್ ಎಲ್ಲವೂ ಬಾಯಿ ಹಾಕುತ್ತವೆ. ಆ ಬಾಯಿ ಮುಚ್ಚಿಸುವುದರಲ್ಲಿ ಅವಳದು ಎತ್ತಿದ ಕೈ. ಅವಳು ತಯಾರಿಸುವ ಅಲೆಗಳ ಚಿತ್ರಗಳಲ್ಲಿ ಒಂದು ಸುಕ್ಕೂ ಇರದೆಂದು ಅಣ್ಣ ಅವಳನ್ನು ‘ಇಸ್ತ್ರಿ’ ಎಂದೇ ಕರೆಯುತ್ತಿದ್ದ.

ಅಣ್ಣ ಕೊರೆಯುವ ಯಂತ್ರದವನು. ಸೇತುವೆಯ ಕಂಬಗಳಿಗೆ ನೆಲ ಗಟ್ಟಿಯಿದೆಯೇ ಎಂದು ತಂಗಿಯ ಕಚೇರಿ ಹೇಳಬೇಕು. ಆಮೇಲೆ ಅವನು ಇಪ್ಪತ್ತು ಟನ್ನಿನ ಯಂತ್ರ ನಿಲ್ಲಿಸಿ ಕೊರೆಯಬೇಕು. ‘ನೆಲ ಗಟ್ಟಿ, ಒಂದೇ ಸಮ’ ಎಂಬ ವರದಿಗೆ ಅವಳು ಮೊದಲ ಬಾರಿ ತಾನೊಬ್ಬಳೇ ಸಹಿ ಹಾಕಿ ಆ ಬೆಳಿಗ್ಗೆ ಕಳಿಸಿದ್ದಳು. ಮಧ್ಯಾಹ್ನ ಮೂರಕ್ಕೆ ಅಣ್ಣನ ಯಂತ್ರ ಮೂರನೇ ಕಂಬದ ಗುರುತಿನ ಮೇಲೆ ಹತ್ತುವುದಿತ್ತು.

ಹನ್ನೆರಡೂವರೆಗೆ ಊಟದ ಡಬ್ಬಿ ಬಿಚ್ಚಿದವಳು, ಸುಮ್ಮನೆ ಕೂರುವ ಜಾಯಮಾನವಲ್ಲದ್ದರಿಂದ, ಕಂಪ್ಯೂಟರಿನಲ್ಲಿ ಬೇಡದ ದಾಖಲೆಗಳನ್ನು ಅಳಿಸತೊಡಗಿದಳು. ಅದರಲ್ಲೊಂದರ ಹೆಸರು ‘ಅಣ್ಣನ ತಲೆಹರಟೆ’. ಅಳತೆಯ ದಿನ ಜಾಗ ನೋಡಲು ಬಂದಿದ್ದ ಅಣ್ಣ, ಎಲ್ಲರೂ ಊಟಕ್ಕೆ ಕೂತಾಗ ಸುತ್ತಿಗೆ ಎತ್ತಿ, “ನಿನ್ನ ಕಿವಿಗಳಿಗೆ ನಂದೂ ಒಂದು ಇರ್ಲಿ” ಎಂದು ಬಾರಿಸಿದ್ದ. ಲೆಕ್ಕಕ್ಕಿಲ್ಲದ ಏಟು. ಅಳಿಸುವ ಮುಂಚೆ ಸುಮ್ಮನೆ ತೆರೆದು ನೋಡಿದಳು. ತುತ್ತು ಕೈಯಲ್ಲೇ ಉಳಿಯಿತು.

ಅಳತೆಯ ದಿನವೆಲ್ಲ ಸಾಲಿನ ಆಚೆ ತುದಿಯಲ್ಲಿ ರಸ್ತೆ ರೋಲರ್ ಗುಡುಗುಡು ಎನ್ನುತ್ತಿತ್ತು. ಅದರ ಅಲೆ ಆಚೆಯಿಂದ ಈಚೆಗೆ ಒಂದೊಂದೇ ಕಿವಿ ಮುಟ್ಟುತ್ತ ಬಂದು, ಪ್ರತಿ ದಾಖಲೆಯಲ್ಲೂ ಓರೆ ಗೆರೆಗಳನ್ನು ಎಳೆದಿತ್ತು. ಇಂಥದ್ದಕ್ಕೆಂದೇ ಸ್ಲ್ಯಾಂಟ್ ಸ್ಟ್ಯಾಕ್ ಎಂಬ ಲೆಕ್ಕವಿದೆ. ಕಿವಿಗಳು ಕೇಳಿದ್ದನ್ನೆಲ್ಲ ಬೇರೆ ಬೇರೆ ಓರೆಯಲ್ಲಿ ಕೂಡಿಸುತ್ತ ಹೋದರೆ, ಒಂದೇ ಓರೆಯಲ್ಲಿ ಬಂದದ್ದೆಲ್ಲ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಆ ಗುಡ್ಡೆ ಒರೆಸಿ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿದರೆ ಗಲಾಟೆ ಮಾಯ. ಅವಳು ಹಾಗೇ ಮಾಡಿದ್ದಳು.

ಆದರೆ ಊಟದ ಹೊತ್ತಿನಲ್ಲಿ ರೋಲರ್ ಓಡುತ್ತಿರಲಿಲ್ಲ. ಅದರ ಚಾಲಕ ಇವಳ ಪಕ್ಕದಲ್ಲೇ ಕೂತು ಉಂಡಿದ್ದ. ಹಾಗಿದ್ದೂ ಅಣ್ಣನ ಏಟಿನಲ್ಲಿ ಅದೇ ಓರೆಯ ಗೆರೆಯೊಂದಿತ್ತು. ಆಚೆ ತುದಿಯಿಂದ ಬಂದದ್ದಲ್ಲ. ಹದಿನಾರನೇ ಕಿವಿಯ ಬಳಿ ಹುಟ್ಟಿ ಸುತ್ತಿಗೆಯ ಕಡೆಗೆ ವಾಪಸು ಬಂದಿತ್ತು. ಅಂದರೆ ಏಟಿನ ಅಲೆ ಅಲ್ಲಿ ಯಾವುದಕ್ಕೋ ತಾಗಿ ಹಿಂತಿರುಗಿದೆ. ಒಂದೇ ಸಮನಾದ ಗಟ್ಟಿ ನೆಲದಲ್ಲಿ ಅಲೆ ಹೀಗೆ ತಿರುಗದು; ಕೆಳಗೆ ಪೊಳ್ಳಿದೆ. ಓರೆ ಒಂದೇ ಆದ್ದರಿಂದ ರೋಲರಿನ ಗುಡ್ಡೆಯ ಜೊತೆ ಇದನ್ನೂ ಅವಳೇ ಒರೆಸಿ ಹಾಕಿದ್ದಳು. ಹದಿನಾರನೇ ಕಿವಿ ನೆಟ್ಟದ್ದು ಮೂರನೇ ಕಂಬದ ಗುರುತಿನ ಮೇಲೆ.

ಮೊದಲು ಬಂದದ್ದು ನಾಚಿಕೆ, ತನ್ನ ಸಹಿಯ ನೆನಪು. ಅಣ್ಣನ ನೆನಪು ಆಮೇಲೆ ಬಂತು. ಅದಕ್ಕೆ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ. ಎಂಜಲು ಕೈಯಲ್ಲೇ ಫೋನ್ ಮಾಡಿದಳು.

“ಅಣ್ಣಾ, ಮೂರನೇ ಗುರುತಿನ ಮೇಲೆ ಯಂತ್ರ ಹತ್ತಿಸ್ಬೇಡ.”

“ಯಾಕೇ ಇಸ್ತ್ರಿ? ಗಟ್ಟಿ ಅಂತ ನೀನೇ ಬರ್ದಿದೀಯಲ್ಲ.”

“ತಪ್ಪು ಬರ್ದಿದೀನಿ. ಅಲ್ಲಿ ಪೊಳ್ಳಿದೆ. ಗಲಾಟೆ ಅಂದ್ಕೊಂಡು ನಾನೇ ಒರೆಸ್ಬಿಟ್ಟೆ.”

ಅಣ್ಣ ತಮಾಷೆ ಮಾಡಲಿಲ್ಲ. ಅವಳಿಗೆ ಅಳು ಬಂದದ್ದು ಅದಕ್ಕೇ.

“ಸರಿ, ಹಿಂದಕ್ಕೆ ತಗೋತೀನಿ. ನೀನು ಬಾ.”

ಮೇಲಧಿಕಾರಿಯ ಕೋಣೆಗೆ ಹೋಗಿ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡು, ವರದಿ ವಾಪಸು ತೆಗೆಸಿ, ಅವಳು ಜಾಗಕ್ಕೆ ಬಂದಳು. ಅಣ್ಣ ದೊಡ್ಡ ಯಂತ್ರವನ್ನು ದೂರವಿಟ್ಟು, ಸಣ್ಣ ಕೈಯಂತ್ರದಿಂದ ಸರಳು ಇಳಿಸುತ್ತಿದ್ದ. ನಾಲ್ಕು ಮೀಟರ್ ದಾಟಿದ್ದೇ ತಡ, ಸರಳು ಆಳುದ್ದ ಸರ್ರನೆ ಜಾರಿತು. ತೂತಿಗೆ ಅಣ್ಣ ಒಂದು ಹರಳು ಬಿಟ್ಟ. ಕೆಳಗೆ ನೀರಿನ ಸದ್ದಾಯಿತು. ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

“ನನ್ನ ಏಟು ಅಳಿಸಿಲ್ಲ ತಾನೇ?” ಎಂದ ಅಣ್ಣ.

“ಇಲ್ಲ.”

“ಇನ್ಮೇಲೆ ಇಸ್ತ್ರಿ ಮಾಡಿದ್ದರ ಜೊತೆ ಮಾಡ್ದೇ ಇರೋದನ್ನೂ ಕಳಿಸು, ಆಯ್ತಾ?”

ಹೊಸ ವರದಿಗೆ ಅವಳು ಎರಡು ಚಿತ್ರ ಸೇರಿಸಿದಳು. ಎರಡನೆಯದು ತುಂಬ ಸುಕ್ಕುಸುಕ್ಕು. ಅದರ ಕೆಳಗೆ ‘ಸುತ್ತಿಗೆ ಹೊಡೆದವರು’ ಎಂಬಲ್ಲಿ ಅಣ್ಣನ ಹೆಸರು ಬರೆದಳು.