ಬರದ ತೊಗರಿಗೆ ಯಾವ ಮೋಟರು

ಭಾತಂಬ್ರಾದ ಮಾಣಿಕ ಎಂಟು ವರ್ಷ ಪುಣೆಯ ಕಾರ್ಖಾನೆಗಳಲ್ಲಿ ಮಷೀನು ಕೂಡಿಸುವ ಕೆಲಸ ಮಾಡಿದವನು. 2015-16ರ ಬರದಲ್ಲಿ ಊರಿನ ಅರ್ಧ ಜನ ಗಂಟುಮೂಟೆ ಕಟ್ಟಿ ಪುಣೆಯ ಬಸ್ಸು ಹತ್ತುತ್ತಿದ್ದರೆ, ಈ ಮಹಾಶಯ ಹೆಂಡತಿ ಮಗಳನ್ನು ಕರೆದುಕೊಂಡು ಬೀದರಿಗೆ ಬಂದಿಳಿದ. ತಲೆ ಕೆಟ್ಟಿದೆ ಎಂದರು ಜನ. ಬೀದರಿನ ಪಕ್ಕದ ಕೊಳಾರದ ಬೇಳೆ ಮಿಲ್ಲಿನ ಮಾಲಕ ಶಿವರಾಜಪ್ಪ ಮಾತ್ರ ಕರೆದು, ಬೇಳೆ ಪೊಟ್ಟಣಗಳನ್ನು ಸಾಲಾಗಿ ದೂಡುವ ಮಷೀನು ಕೂಡಿಸಲು ಹೇಳಿದ್ದರು. ಅದು ನಡೆದರೆ ನೌಕರಿ ಖಾಯಂ, ನಿಂತರೆ ಮತ್ತೆ ಪುಣೆ. ಮಾಣಿಕ ಆಗಲೇ ಮಗಳನ್ನು ಇಲ್ಲಿನ ಶಾಲೆಗೆ ಸೇರಿಸಿಬಿಟ್ಟಿದ್ದ.

ದೂಡಲು ಬೇಕಾದದ್ದು ಗರಗರ ತಿರುಗುವ ಮೋಟರಲ್ಲ, ನೇರ ಗೆರೆಯಲ್ಲಿ ಹಿಂದೆ ಮುಂದೆ ಓಡುವ ಲೀನಿಯರ್ ಮೋಟರು. ಮೂರು ನಮೂನೆ ತರಿಸಿ ಮೇಜಿನ ಮೇಲಿಟ್ಟಿದ್ದ. ಮೊದಲನೆಯದರ ಸುರುಳಿಯೊಳಗೆ ಕಬ್ಬಿಣವಿದೆ, ಬಿಚ್ಚಿಟ್ಟ ಅಯಸ್ಕಾಂತದ ಪಟ್ಟಿಯ ಮೇಲೆ ಓಡುತ್ತದೆ. ಬಲ ಜಾಸ್ತಿ, ಬೆಲೆ ಕಡಿಮೆ. ಎರಡನೆಯದರಲ್ಲಿ ಕಬ್ಬಿಣವೇ ಇಲ್ಲ. ಎರಡು ಅಯಸ್ಕಾಂತದ ಗೋಡೆಗಳ ನಡುವೆ ನುಣ್ಣಗೆ ಜಾರುತ್ತದೆ, ಆದರೆ ಬೇಗ ಕಾಯುತ್ತದೆ. ಮೂರನೆಯದರಲ್ಲಿ ಅಯಸ್ಕಾಂತಗಳೆಲ್ಲ ಸ್ಟೀಲಿನ ಕೊಳವೆಯೊಳಗೆ, ಸುರುಳಿ ಅದರ ಸುತ್ತ ಬಳೆಯ ಹಾಗೆ. ಮಾಣಿಕನ ಕೈ ಪಳಗಿದ್ದು ಮೊದಲನೆಯದರಲ್ಲಿ. ಹಿಂದುಮುಂದು ನೋಡದೆ ಅದನ್ನೇ ಆರಿಸಿದ.

ಆರ್ಡರಿನ ಕಾಗದ ಬರೆಯುತ್ತಿದ್ದಾಗ ಔರಾದ ಕಡೆಯ ಕೇಶರಬಾಯಿ ಬಂದು ನಿಂತಳು. ಮಿಲ್ಲಿನಲ್ಲಿ ಪೊಟ್ಟಣ ದೂಡುವವಳು ಅವಳೇ. ತೊಗರಿ ಸುರಿಯುವಲ್ಲಿ ಕಬ್ಬಿಣದ ಕಸ ಹಿಡಿಯುವ ಅಯಸ್ಕಾಂತವನ್ನು ದಿನಾ ಒರೆಸುವವಳೂ ಅವಳೇ.

“ಮಾಣಿಕಾ, ಇದೂ ಚುಂಬಕ ಏನು?”

“ಹೌದ್ರಿ ಕಾಕೂ.”

ಅವಳು ಸೆರಗಿನ ಗಂಟು ಬಿಚ್ಚಿ ಮೊದಲನೆಯದರ ಪಟ್ಟಿಯ ಹತ್ತಿರ ಹಿಡಿದಳು. ಮೊಳೆ, ತಂತಿಯ ಚೂರು, ಕಬ್ಬಿಣದ ಪುಡಿ ಟಪಟಪನೆ ಹಾರಿ ಕಚ್ಚಿಕೊಂಡವು. ಮಾಣಿಕ ಉಗುರಿನಿಂದ ಕೆರೆದ, ಬ್ರಷ್ಷಿನಿಂದ ತಿಕ್ಕಿದ. ಜಪ್ಪಯ್ಯ ಎಂದರೂ ಬಿಡಲಿಲ್ಲ.

“ಇದು ಇವತ್ತ ಒಂದ ದಿನದ್ದು ನೋಡು. ಹೋದ ವರ್ಷ ಎಂಟ ದಿನಕ್ಕೂ ಇಷ್ಟು ಬರ್ತಿರಲಿಲ್ಲ. ಬರ ಅದ, ಮಂದಿ ಕಣ ಕೆರೆದು ಕೆರೆದು ಕಾಳು ತುಂಬ್ಯಾರ. ಪುಡಿ ಅಂತೂ ಮಿಲ್ಲಿನ ಗಾಳ್ಯಾಗೇ ಅದ.”

ಮಾಣಿಕ ಪೆನ್ನು ಕೆಳಗಿಟ್ಟ. ಪುಣೆಯ ಕಾರ್ಖಾನೆಗಳ ನೆಲ ಊಟ ಬಡಿಸಬಹುದಾದಷ್ಟು ಚೊಕ್ಕವಾಗಿತ್ತು. ಆ ನೆಲವನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿಯ ಮೋಟರು ಆರಿಸಿದ್ದ, ಜಾಣ. ಎರಡನೆಯದರ ಸಂದಿಯಲ್ಲಿ ಪುಡಿ ಕೂತರೆ ಕೈ ಕೂಡ ಹೋಗದು. ಮೂರನೆಯದರ ಕೊಳವೆಗೂ ಪುಡಿ ಅಂಟಿತು, ಆದರೆ ಕೇಶರಬಾಯಿ ಒದ್ದೆ ಬಟ್ಟೆ ಸುತ್ತಿ ತುದಿಯವರೆಗೆ ಎಳೆದದ್ದೇ ತಡ, ಎಲ್ಲ ಬಟ್ಟೆಗೆ ಬಂತು. ಮಾಣಿಕ ಬರೆದ ಕಾಗದ ಹರಿದು ಹಾಕಿದ.

ಕೊಳವೆಯ ಮೋಟರು ತಿಂಗಳುಗಟ್ಟಲೆ ಒಮ್ಮೆಯೂ ಕೆಟ್ಟು ನಿಲ್ಲಲಿಲ್ಲ. ಶಿವರಾಜಪ್ಪ ನೌಕರಿ ಖಾಯಂ ಮಾಡಿ ಬೆನ್ನು ಚಪ್ಪರಿಸಿದಾಗ ಮಾಣಿಕ ಹೇಳಿಯೇಬಿಟ್ಟ: “ಮಾಲಕರ, ಮೋಟರ್ ಆರಿಸಿದಾಕಿ ಕೇಶರಬಾಯಿ ರಿ. ತಾಸಿಗೊಮ್ಮಿ ಆಕಿ ಒರಸ್ತಾಳಂತ ಇದು ನಡದದ ರಿ. ಆಕಿ ಕೆಲಸಾನೂ ಖಾಯಂ ಮಾಡ್ರಿ.” ಶಿವರಾಜಪ್ಪ ಹೂಂ ಎಂದರು.

ಮಾಣಿಕ ಸುದ್ದಿ ಹೇಳಲು ಕೇಶರಬಾಯಿಯ ಹತ್ತಿರ ಹೋದ. ಎಷ್ಟು ಸಲ ಕೈಮುಗಿದರೂ ಸಾಲದು ಅನ್ನಿಸಿತು.

“ಕಾಕೂ, ಈ ಮಷೀನ್ ನಡದ್ರ ನೀವು ಪೊಟ್ಟಣ ದೂಡೋ ಕೆಲಸ ಹೋಗ್ತದಂತ ನಿಮಗ ಗೊತ್ತಿತ್ತು. ಸುಮ್ಮ ಇದ್ದಿದ್ರ ಇದು ಮೂರ ದಿನಕ್ಕ ನಿಲ್ತಿತ್ತು. ಯಾಕ ಹೇಳಿದ್ರಿ?”

ಕೇಶರಬಾಯಿ ಬಟ್ಟೆ ಹಿಂಡುತ್ತ ಅಂದಳು: “ನಾವು ಪುಣಾಕ್ಕ ದುಡೀಲಿಕ್ಕ ಹೋದಾಗ ನನ್ನ ಮಗಳ ಸಾಲಿ ಬಿಡಿಸಿದ್ದೆ. ನಿನ್ನ ಮಗಳು ಪಾಟಿಚೀಲ ಹಾಕ್ಕೊಂಡು ಹೋಗೋದು ದಿನಾ ನೋಡ್ತೇನಿ.”