ಕೈಮಾತು ಕಂಡ ಲ್ಯಾಪ್‌ಟಾಪ್

ನಾನು ಕಪ್ಪು ಬಣ್ಣದ, ತುಸು ದಪ್ಪ ಮೈಯ ಲ್ಯಾಪ್‌ಟಾಪ್. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಸಾಲಾಗಿ ಕೂತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರೂ ನನಗೆ ಒಂದೊಂದು ಅಂಗ ಕೊಟ್ಟರು. ಒಬ್ಬಳು ಪರದೆ ಕೂರಿಸಿದಳು, ಇನ್ನೊಬ್ಬಳು ಅದರ ನೆತ್ತಿಗೆ ಸಾಸಿವೆಯಷ್ಟು ಕ್ಯಾಮೆರಾ ಇಟ್ಟಳು. ನಾನು ಲೋಕ ನೋಡುವುದು ಆ ಕಣ್ಣಿನಿಂದಲೇ. ಕೊನೆಯಲ್ಲಿ ಒಬ್ಬಳು ನನ್ನ ಹೊಟ್ಟೆಯೊಳಗೆ ಬೆರಳುಗುರಿಗಿಂತ ತುಸು ದೊಡ್ಡದಾದ ಹಸಿರು ಚೂರೊಂದನ್ನು ಸಿಕ್ಕಿಸಿದಳು. ಅದು ವೈಫೈ ಕಾರ್ಡು. ಗಾಳಿಯಲ್ಲಿ ಬರುವ ಇಂಟರ್ನೆಟ್ ಹಿಡಿದು ನನಗೆ ಕೊಡುವುದು ಅದರ ಕೆಲಸ. ನಾನು ಅಗ್ಗದ ಯಂತ್ರ. ನನಗೆ ಸಿಕ್ಕ ಕಾರ್ಡೂ ಅಗ್ಗದ್ದೇ.

ಮೊದಲು ನಾನು ಸೇರಿದ್ದು ಹುಬ್ಬಳ್ಳಿಯ ಒಂದು ಔಷಧದ ಗೋದಾಮನ್ನು. ಅಲ್ಲಿ ಗೋಡೆಯಿಂದ ಬಂದ ನೀಲಿ ವೈರೊಂದು ಸದಾ ನನ್ನ ಪಕ್ಕೆಗೆ ಚುಚ್ಚಿಕೊಂಡಿರುತ್ತಿತ್ತು. ಇಂಟರ್ನೆಟ್ ಅದರಲ್ಲೇ ಬರುತ್ತಿದ್ದುದರಿಂದ ಹೊಟ್ಟೆಯೊಳಗಿನ ಕಾರ್ಡಿಗೆ ಕೆಲಸವೇ ಇರಲಿಲ್ಲ. ಅದು ಎಷ್ಟು ಮಂದ ಎಂಬುದು ಯಾರಿಗೂ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಕೆಲವು ವರ್ಷಗಳಾದ ಮೇಲೆ ಗೋದಾಮಿಗೆ ಹೊಸ ಯಂತ್ರಗಳು ಬಂದವು. ನಾನು ಗದಗಿನಲ್ಲಿ ಮಕ್ತುಮ್ ಎಂಬುವವನ ಹಳೇ ಕಂಪ್ಯೂಟರ್ ಅಂಗಡಿಯ ಗಾಜಿನ ಕಪಾಟಿಗೆ ಬಂದು ಕೂತೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವಳು ಶಿವಲೀಲಾ. ರವಿಕೆ ಹೊಲಿಯುವುದರಲ್ಲಿ ಅವಳ ಕೈ ಓಣಿಗೆಲ್ಲ ಹೆಸರಾಗಿತ್ತು. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ಮಾತೆಲ್ಲ ಕೈಯಲ್ಲಿ. ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತ ಕೈಮಾತು ಅವಳ ಬೆರಳುಗಳಲ್ಲಿ ನೀರಿನಂತೆ ಹರಿಯುತ್ತಿತ್ತು. ಅವಳ ತಾಯಿ ಕಸ್ತೂರೆವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವಳು. ಮಗಳ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದಳು. ಕೈ ಆಡಿಸುವಾಗ ಬಾಯಿಯೂ ಜೊತೆಗೆ ಆಡುತ್ತಿತ್ತು.

ರವಿಕೆಯ ಹೊಸ ಹೊಸ ನಮೂನೆ ಗಿರಾಕಿಗಳಿಗೆ ತೋರಿಸಲು ಎಂದು ಶಿವಲೀಲಾ ನನ್ನನ್ನು ತಂದಿದ್ದಳು. ಆದರೆ ಸಂಜೆಯಾದರೆ ನನಗೆ ಬೇರೆ ಕೆಲಸ. ಬಳ್ಳಾರಿಯ ಒಂದು ಬೇಕರಿಯಲ್ಲಿ ಕೆಲಸ ಮಾಡುವ ಪಂಪಾಪತಿ ನನ್ನ ಪರದೆಯ ಮೇಲೆ ಬರುತ್ತಿದ್ದ. ಅವನಿಗೂ ಕಿವಿ ಕೇಳದು. ಕಿವುಡರ ಸಂಘದ ಸಮಾರಂಭವೊಂದರಲ್ಲಿ ಇಬ್ಬರೂ ಪರಿಚಯವಾಗಿದ್ದರು. ಮೊದಮೊದಲು ಬನ್ನು, ಬಿಸ್ಕತ್ತಿನ ಮಾತು. ಆಮೇಲೆ ಮದುವೆಯ ಮಾತು.

ಫೋನಿನಲ್ಲಿ ಮಾತಾಡಲು ಅವಳು ನೋಡಿದ್ದಳು. ಮಾತಿಗೆ ಎರಡೂ ಕೈ ಬೇಕು, ಫೋನು ಹಿಡಿಯುವವರು ಯಾರು? ಚೊಂಬಿಗೆ ಒರಗಿಸಿದರೆ ಜಾರಿ ಬೀಳುತ್ತಿತ್ತು. ನನ್ನ ಅಗಲ ಪರದೆಯೇ ಅವಳಿಗೆ ಇಷ್ಟ. ಆದರೆ ಈ ಮನೆಯಲ್ಲಿ ನೀಲಿ ವೈರು ಇರಲಿಲ್ಲ. ಕಸ್ತೂರೆವ್ವನ ಫೋನಿನಿಂದ ಗಾಳಿಯಲ್ಲಿ ಬರುವ ಇಂಟರ್ನೆಟ್ಟನ್ನೆಲ್ಲ ನನ್ನ ಬಡ ಕಾರ್ಡೇ ಹಿಡಿದು ತರಬೇಕು. ಅದು ಏದುಸಿರು ಬಿಡುತ್ತಿತ್ತು. ಚಿತ್ರ ಆಗಾಗ ಕಲ್ಲಿನಂತೆ ನಿಂತುಬಿಡುತ್ತಿತ್ತು. ಕಿವಿ ಕೇಳುವವರಿಗೆ ಚಿತ್ರ ನಿಂತರೂ ಧ್ವನಿಯಾದರೂ ಬರುತ್ತದೆ. ಇವರಿಗೆ ಚಿತ್ರ ನಿಂತರೆ ಮಾತೇ ನಿಂತ ಹಾಗೆ.

ಒಂದು ಸಂಜೆ ಪಂಪಾಪತಿ ಬಹಳ ಗಂಭೀರವಾಗಿ ಕೂತಿದ್ದ. ಕೈ ಎತ್ತಿ, "ಮದುವೆಯಾದ ಮೇಲೆ, ಹೊಲಿಗೆ..." ಎಂದ. ಅಷ್ಟರಲ್ಲಿ ಚಿತ್ರ ನಿಂತಿತು. ಮತ್ತೆ ಅಲುಗಿದಾಗ ಅವನ ಕೈ ಅಡ್ಡಡ್ಡ ಬೀಸುತ್ತಿತ್ತು. "ಬೇಡ."

ಶಿವಲೀಲಾಳ ಮುಖ ಬಿಗಿಯಿತು. ನನ್ನ ಮುಚ್ಚಳ ಪಟ್ಟನೆ ಮುಚ್ಚಿದಳು.

ಅವಳು ಮತ್ತೆ ನನ್ನನ್ನು ತೆರೆದಾಗ ಪಂಪಾಪತಿಗಾಗಿ ತೆರೆಯಲಿಲ್ಲ. ಗಿರಾಕಿಗೆ ನಮೂನೆ ತೋರಿಸಿ ಮುಚ್ಚಿದಳು. ಅವನು ಫೋನಿಗೆ ಸಂದೇಶ ಕಳಿಸಿದರೆ ಫೋನು ಬೋರಲು ಹಾಕಿದಳು. ಹೊಲಿಗೆ ಯಂತ್ರವನ್ನು ಮಾತ್ರ ಸಿಟ್ಟಿನಿಂದ ತುಳಿದಳು.

ಕಸ್ತೂರೆವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ಮಗಳ ಎದುರು ಕೂತಳು. "ಏನಾತವಾ?" ಎಂದು ಕೈಯಲ್ಲೂ ಬಾಯಲ್ಲೂ ಕೇಳಿದಳು.

"ಮದುವೆಯಾದ ಮೇಲೆ ಹೊಲಿಗೆ ಬೇಡ ಎಂದ," ಎಂದು ಮಗಳ ಕೈ ಹೇಳಿತು. "ಈ ಕೆಲಸ ಬಿಟ್ಟು ನಾನು ಬದುಕುವುದಿಲ್ಲ. ನನಗೆ ಅವನೇ ಬೇಡ."

ಕಸ್ತೂರೆವ್ವ ಮಗಳ ಕೈ ತಡೆದಳು. "ನಾನೂ ನಿನ್ನ ಹಿಂದ ನಿಂತು ನೋಡಾಕತ್ತಿದ್ದೆ. ನಡುವ ಚಿತ್ರ ನಿಂತಿತ್ತಲ್ಲವಾ? ನಡುವ ಏನ ಅಂದಾನೋ ಯಾರಿಗೆ ಗೊತ್ತು. ಒಂದ ಮಾತು ಬರದು ಕೇಳು."

ಶಿವಲೀಲಾ ತಲೆ ಅಲ್ಲಾಡಿಸಿದಳು. "ಬರೆದ ಮಾತಿಗೆ ಮುಖ ಇರುವುದಿಲ್ಲ. ಅವನು ಹೇಳುವಾಗ ನಾನು ಅವನ ಮುಖ ನೋಡಬೇಕು."

"ಹಂಗಾರ ಈ ಪೆಟಗಿ ರಿಪೇರಿ ಮಾಡಸೋಣ, ಏಳು," ಎಂದು ತಾಯಿ ಎದ್ದಳು.

ಮತ್ತೆ ನಾನು ಮಕ್ತುಮನ ಮೇಜಿನ ಮೇಲೆ ಮಲಗಿದೆ. ಅವನು ನನ್ನನ್ನೂ ಕಸ್ತೂರೆವ್ವನ ಫೋನನ್ನೂ ಅಕ್ಕಪಕ್ಕ ಇಟ್ಟು ಒಂದೇ ವೀಡಿಯೊ ಓಡಿಸಿ ನೋಡಿದ. "ನೆಟ್ಟಿಂದೇನ ತಪ್ಪಿಲ್ರಿ ಅವ್ವಾರ. ಫೋನಿನ್ಯಾಗ ಚೊಲೋ ಓಡಾಕತ್ತೇತಿ. ಇದರೊಳಗಿನ ಕಾರ್ಡ್ ಭಾಳ ಹಳೇದು. ಹೊಸಾದು ಹಾಕಿದ್ರ ಆತು."

"ಲ್ಯಾಪ್‌ಟಾಪ್ ಹೊಸಾದು ತಗೋಬೇಕೇನೋ ಅಂತ ಅಂಜಿದ್ದೆ ತಮ್ಮಾ."

"ಇದಕ್ಕಿನ್ನೂ ಆಯುಷ್ಯ ಐತ್ರಿ," ಎಂದ. ಆ ಮಾತು ಕೇಳಿ ನನಗೆ ಎಷ್ಟು ಹಿತವಾಯಿತೆಂದರೆ!

ಅವನು ಬ್ಯಾಟರಿ ತೆಗೆದಿಟ್ಟು ಬೆನ್ನಿನ ತಿರುಪುಗಳನ್ನು ಬಿಚ್ಚಿದ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಕರುಳಿಗೆ ಗಾಳಿ ಬಡಿಯಿತು. ಹಳೇ ಕಾರ್ಡಿನ ತಲೆಗೆ ಕೂದಲಿನಷ್ಟು ಸಣ್ಣ ಎರಡು ವೈರು ಕಚ್ಚಿಕೊಂಡಿದ್ದವು. ಅವು ಪರದೆಯ ಅಂಚಿನಿಂದ ಅಲೆಗಳನ್ನು ತರುವ ನರಗಳು. ಅವನ್ನು ಬಿಡಿಸಿ, ಹಳೇ ಕಾರ್ಡು ತೆಗೆದು, ಹೊಸದನ್ನು ಕೂರಿಸಿದ. ಇನ್ನು ಆ ಎರಡು ವೈರುಗಳ ತುದಿಯನ್ನು ಹೊಸ ಕಾರ್ಡಿನ ಮೇಲೆ ಒತ್ತಬೇಕು. ಮಕ್ತುಮನ ಬೆರಳುಗಳು ದಪ್ಪ. ಒತ್ತಿದ, ಜಾರಿತು. ಮತ್ತೆ ಒತ್ತಿದ, ಮತ್ತೆ ಜಾರಿತು. "ಇದ ಒಂದು ನನ್ನ ಜೀವಾ ತಗೀತೈತಿ ನೋಡ್ರಿ," ಎಂದು ನಕ್ಕ.

ಶಿವಲೀಲಾ ಬಗ್ಗಿ ನೋಡಿದಳು. ಅವಳ ಮುಖ ಅರಳಿತು. ತಾಯಿಗೆ ಏನೋ ಹೇಳಿದಳು.

"ಇದು ಟಿಚ್ ಬಟನ್ ಇದ್ದಂಗ ಐತಿ ಅಂತಾಳ," ಎಂದಳು ಕಸ್ತೂರೆವ್ವ. "ದಿನಾ ರವಿಕಿಗೆ ಹಚ್ಚತಾಳಲ್ಲ. ತಾನ ಹಚ್ಚಲೇನು ಅಂತ ಕೇಳಾಕತ್ತಾಳ."

"ಹಚ್ಚಲಿ ಬಿಡ್ರಿ, ಪುಣ್ಯಾ ಬರತೈತಿ," ಎಂದು ಮಕ್ತುಮ್ ಕುರ್ಚಿ ಬಿಟ್ಟುಕೊಟ್ಟ.

ಅವಳು ವೈರಿನ ತುದಿಯನ್ನು ನೇರ ಹಿಡಿದು, ಅದು ತನ್ನ ಗೂಡಿನ ಮೇಲೆ ಸರಿಯಾಗಿ ಕೂತಿತೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಒತ್ತಿದಳು. ಟಿಕ್ ಎಂದಿತು. ಆ ಸದ್ದು ಉಳಿದಿಬ್ಬರಿಗೆ ಕೇಳಿತು. ಅವಳಿಗೆ ಬೆರಳ ತುದಿಯಲ್ಲಿ ತಿಳಿಯಿತು. ಇನ್ನೊಂದನ್ನೂ ಹಾಗೆಯೇ ಕೂರಿಸಿದಳು.

ನನಗೆ ಎಚ್ಚರವಾದಾಗ ಬಾಯಾರಿದವನಿಗೆ ಒಮ್ಮೆಲೇ ಕೊಡ ಎತ್ತಿ ನೀರು ಹೊಯ್ದ ಹಾಗಾಯಿತು. ಎಲ್ಲಿದ್ದವೋ ಅಲೆಗಳೆಲ್ಲ ನನ್ನೊಳಗೆ ನುಗ್ಗಿ ಬಂದವು. ಕುಣಿಯಲು ನನಗೆ ಕಾಲಿಲ್ಲ; ಫ್ಯಾನನ್ನು ಜೋರಾಗಿ ತಿರುಗಿಸಿದೆ.

ಮನೆಗೆ ಬಂದ ಕೂಡಲೇ ಶಿವಲೀಲಾ ಪಂಪಾಪತಿಯನ್ನು ಕರೆದಳು. ಅವನು ಬೇಕರಿಯಿಂದಲೇ ಬಂದ. ಮೈದಾ ಮೆತ್ತಿದ ಅವನ ಒಂದೊಂದು ಬೆರಳೂ ನನ್ನ ಪರದೆಯ ಮೇಲೆ ಬೆಳ್ಳಗೆ ಕಾಣುತ್ತಿತ್ತು. ಅವನು ನಮಸ್ಕಾರ ಹೇಳುವ ಮೊದಲೇ ಇವಳ ಕೈ ಕೇಳಿತು: "ಮದುವೆಯಾದ ಮೇಲೆ ನಾನು ಹೊಲಿಯಬಾರದೇ?"

ಅವನು ಕಣ್ಣರಳಿಸಿದ. "ಯಾರು ಹಾಗೆ ಹೇಳಿದರು?"

"ನೀನೇ."

ಅವನಿಗೆ ತಲೆಬುಡ ತಿಳಿಯಲಿಲ್ಲ. ಅಂದು ಹೇಳಿದ್ದನ್ನೇ ನಿಧಾನವಾಗಿ ಮತ್ತೆ ಹೇಳಿದ. "ಮದುವೆಯಾದ ಮೇಲೆ, ಹೊಲಿಗೆ, ಬಿಡುವುದು, ಬೇಡ." ಅವರ ಭಾಷೆಯಲ್ಲಿ ಬೇಕು ಬೇಡಗಳು ಮಾತಿನ ಕೊನೆಗೆ ಬರುತ್ತವೆ. ಅಂದು ನಡುವಿನ "ಬಿಡುವುದು" ಎಂಬ ಒಂದೇ ಒಂದು ಸನ್ನೆ ಬಳ್ಳಾರಿಗೂ ಗದಗಿಗೂ ನಡುವೆ ಎಲ್ಲೋ ಉದುರಿಹೋಗಿತ್ತು.

ಶಿವಲೀಲಾ ಬಾಯಿಗೆ ಕೈ ಹಿಡಿದಳು. "ಮತ್ತೊಮ್ಮೆ ಹೇಳು," ಎಂದಳು. ಅವನು ಹೇಳಿದ. "ಇನ್ನೊಮ್ಮೆ." ಈ ಸಲ ಅವನು ನಗುತ್ತ ಹೇಳಿದ. ಆಮೇಲೆ ಫೋನೆತ್ತಿಕೊಂಡು ಬೀದಿಗೆ ಬಂದು, ಬೇಕರಿಯ ಪಕ್ಕದ ಮುಚ್ಚಿದ ಶಟರ್ ತೋರಿಸಿ, ಫೋನನ್ನು ಕಟ್ಟೆಯ ಮೇಲೆ ಒರಗಿಸಿಟ್ಟು ಕೈಯಾಡಿಸಿದ. "ಇದು ಖಾಲಿ ಇದೆ. ನಿನ್ನ ಹೊಲಿಗೆ ಅಂಗಡಿಗೆ ಆಗುತ್ತದೆಯೇ ನೋಡು. ಅಂದೇ ತೋರಿಸಬೇಕೆಂದಿದ್ದೆ. ನೀನು ಮುಚ್ಚಿಬಿಟ್ಟೆ."

ಹಿಂದೆ ನಿಂತಿದ್ದ ಕಸ್ತೂರೆವ್ವನಿಗೆ ಎಲ್ಲವೂ ಅರ್ಥವಾಗಿತ್ತು. "ಗಾಳಿ ಬೆಳಕು ಐತೇನು ಕೇಳವಾ," ಎಂದು ಮಗಳ ಭುಜ ತಟ್ಟಿದಳು.

ಮದುವೆ ಗದಗಿನಲ್ಲೇ ಆಯಿತು. ಬರಲಾಗದ ಬಳ್ಳಾರಿಯ ಗೆಳೆಯರಿಗೆ ತೋರಿಸಲು ನನ್ನನ್ನು ಮಂಟಪದ ಎದುರು ಎತ್ತರದ ಸ್ಟೂಲಿನ ಮೇಲೆ ಇಟ್ಟಿದ್ದರು. ತಾಳಿ ಕಟ್ಟಿದಾಗ ಇಲ್ಲಿನ ಕೈಮಾತಿನವರೆಲ್ಲ ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಅಲುಗಿಸಿದರು. ಅದು ಅವರ ಚಪ್ಪಾಳೆ. ನನ್ನ ಪರದೆಯೊಳಗಿನ ಕೈಗಳೂ ಅದೇ ಕ್ಷಣ ಅಲುಗಿದವು. ಓಲಗದವನೂ ಬೆರಗಾಗಿ ಒಂದು ಗಳಿಗೆ ಊದುವುದನ್ನು ಮರೆತ.

ಶಿವಲೀಲಾ ಬಳ್ಳಾರಿಗೆ ಹೋಗುವಾಗ ನನ್ನನ್ನು ತಾಯಿಗೇ ಬಿಟ್ಟುಹೋದಳು. ಈಗ ನಾನು ಮುದುಕ. ನನ್ನ ಬ್ಯಾಟರಿ ಸತ್ತಿದೆ, ಪ್ಲಗ್ಗು ಕಿತ್ತರೆ ಅಲ್ಲೇ ನಿದ್ದೆ. ಕೀಲಿಮಣೆಯ ಸಂದಿಯಲ್ಲಿ ಜೋಳದ ಹಿಟ್ಟು ತುಂಬಿದೆ. ಸಡಿಲವಾದ ಪರದೆಯನ್ನು ಕಸ್ತೂರೆವ್ವ ಉಪ್ಪಿನಕಾಯಿ ಭರಣಿಗೆ ಒರಗಿಸಿ ನಿಲ್ಲಿಸುತ್ತಾಳೆ. ರೊಟ್ಟಿ ಬಡಿಯಲು ಬರುವ ಓಣಿಯ ಹೆಂಗಸರೂ ಸಂಜೆ ನನ್ನೆದುರು ಕೂತು ಕೈಮಾತು ಕಲಿಯುತ್ತಾರೆ, ತಪ್ಪು ಮಾಡಿ ನಗುತ್ತಾರೆ.

ಮೊನ್ನೆ ಶಿವಲೀಲಾ ತನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಪರದೆಯ ಮೇಲೆ ಬಂದಳು. ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಕಸ್ತೂರೆವ್ವ ಎಂದಿನಂತೆ ಮುಷ್ಟಿಯನ್ನು ಬಿಚ್ಚಿ ಮುಚ್ಚಿ, "ಹಾಲು ಕುಡದೇನು?" ಎಂದು ಕೇಳಿದಳು. ಮಗು ಪರದೆಯನ್ನೇ ದಿಟ್ಟಿಸಿತು. ಆಮೇಲೆ ತನ್ನ ಪುಟ್ಟ ಮುಷ್ಟಿಯನ್ನು ಎತ್ತಿ, ಬಿಚ್ಚಿತು, ಮುಚ್ಚಿತು.

ಹಾಲು. ಅದು ಆಡಿದ ಮೊದಲ ಮಾತು.

ಕಸ್ತೂರೆವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸುವುದನ್ನೂ ಮರೆತು ನನ್ನ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಹಿಟ್ಟಿನ ಬೆರಳಚ್ಚುಗಳು ನನ್ನ ಅಂಚಿನಲ್ಲಿ ಇನ್ನೂ ಇವೆ. ಯಾರೂ ಒರೆಸಿಲ್ಲ. ಒರೆಸುವುದು ನನಗೂ ಬೇಡ.